ಮೇಲಿನ ಎಡಮೂಲೆಯ ಮಾಸಲು

ನಮ್ಮಕ್ಕನ ಮನೆಯಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ, ಒಂದು ಲ್ಯಾಪ್‌ಟಾಪ್ ಇದೆ. ಬೂದು ಬಣ್ಣ, ತೆಳ್ಳಗೆ, ಮುಟ್ಟಿದರೆ ತಣ್ಣಗೆ. ಧೂಳು ಕೂರಬಾರದೆಂದು ಭಾವ ಅದನ್ನು ದಿನಾ ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತಾರೆ. ಹಾಗೆ ಒರೆಸುವುದನ್ನು ನೋಡಿದಾಗಲೆಲ್ಲ ನಾನು ಮುಖ ತಿರುಗಿಸಿಕೊಳ್ಳುತ್ತೇನೆ. ಉಣ್ಣುವ ತಟ್ಟೆಯಲ್ಲಿ ಯಾರದೋ ಕೂದಲು ಸಿಕ್ಕಿದರೆ ಆಗುತ್ತದಲ್ಲ, ಅಂಥ ಹೇಸಿಗೆ. ಆ ಯಂತ್ರ ಯಾರಿಗೂ ಏನೂ ಅನ್ಯಾಯ ಮಾಡಿಲ್ಲ, ಅದು ನನಗೂ ಗೊತ್ತು. ಮಾಡಿದವರು ಮನುಷ್ಯರು. ಆದರೆ ಅವರೆಲ್ಲ ನೆಂಟರಾಗಿಬಿಟ್ಟಿದ್ದಾರೆ, ಎದುರಿಗೆ ಉಗುಳುವಂತಿಲ್ಲ.

ಅಕ್ಕ ಬೆಡ್‌ಶೀಟುಗಳಿಗೆ ಹೂವು ಬರೆಯುವವಳು. ಬಟ್ಟೆ ಅಚ್ಚು ಹಾಕುವ ಕಾರ್ಖಾನೆಯೊಂದಕ್ಕೆ ಮನೆಯಲ್ಲೇ ಲ್ಯಾಪ್‌ಟಾಪಿನ ಮುಂದೆ ಕೂತು ಡಿಸೈನ್ ಮಾಡಿಕೊಡುತ್ತಾಳೆ. ಇಡೀ ಬೆಡ್‌ಶೀಟನ್ನು ಬರೆಯಬೇಕಾಗಿಲ್ಲ, ಒಂದು ಚೌಕ ಬರೆದರೆ ಸಾಕು. ಮಿಕ್ಕಿದ್ದನ್ನು ಮೆಷಿನ್ನು ಅದೇ ಚೌಕವನ್ನು ಪಕ್ಕಪಕ್ಕದಲ್ಲಿ ಒತ್ತುತ್ತಾ ಹೋಗಿ ತುಂಬಿಸುತ್ತದೆ. ಕಷ್ಟವಿರುವುದು ಅಂಚಿನಲ್ಲಿ. ಎಡಗಡೆ ಅರ್ಧಕ್ಕೆ ನಿಂತ ಎಲೆ ಬಲಗಡೆಯ ಅರ್ಧಕ್ಕೆ ಕೂಡಬೇಕು, ಮೇಲೆ ಮುರಿದ ಬಳ್ಳಿ ಕೆಳಗಿನ ಬಳ್ಳಿಗೆ ಸೇರಬೇಕು. ಒಂದು ಕೂದಲೆಳೆ ತಪ್ಪಿದರೂ ಅದೇ ತಪ್ಪು ಥಾನಿನ ಉದ್ದಕ್ಕೂ ಬೀಳುತ್ತದೆ. ಅಕ್ಕನ ಡಿಸೈನಿನಲ್ಲಿ ಕೂಡುವ ಜಾಗ ಎಲ್ಲಿದೆ ಎಂದು ಹುಡುಕಿ ಹುಡುಕಿ ನಾನೇ ಎಷ್ಟೋ ಸಲ ಸೋತಿದ್ದೇನೆ. ನಾನು ಅದೇ ಬಟ್ಟೆಯಲ್ಲಿ ದಿಂಬಿನ ಕವರು ಹೊಲಿಯುವವಳು, ಅವಳ ಮನೆಯ ಮೇಲಿನ ಮಹಡಿಯಲ್ಲೇ ನನ್ನ ಮನೆ.

ಅವಳಿಗೊಂದು ಅಭ್ಯಾಸವಿತ್ತು. ಚಿತ್ರ ಮುಗಿದ ಮೇಲೆ ಕಾಗದದ ಮೇಲೆ ಅಚ್ಚು ತೆಗೆದು, ತಲೆಕೆಳಗು ಮಾಡಿ ಮೇಜಿನ ಮೇಲಿಟ್ಟು ನೋಡುವುದು. ಅವಳಿಗೆ ಕಲಿಸಿದ ಡ್ರಾಯಿಂಗ್ ಮೇಷ್ಟ್ರು ಹೇಳಿಕೊಟ್ಟಿದ್ದಂತೆ. ನೆಟ್ಟಗೆ ನೋಡಿದರೆ ಕಣ್ಣು ತಾನು ಬರೆದದ್ದನ್ನು ತಾನೇ ಹೊಗಳಿಕೊಳ್ಳುತ್ತದೆ, ತಲೆಕೆಳಗು ಮಾಡಿದರೆ ಬಾಯಿ ಮುಚ್ಚಿಕೊಂಡು ಇದ್ದದ್ದನ್ನು ನೋಡುತ್ತದೆ, ಎಂದು. ತರಕಾರಿ ಅಂಗಡಿಯ ಕ್ಯಾಲೆಂಡರನ್ನೂ ಹಾಗೆ ತಿರುಗಿಸಿ ನೋಡಿ ಒಮ್ಮೆ ಬೈಸಿಕೊಂಡಿದ್ದಾಳೆ.

ಮೊದಲ ತಪ್ಪು ಸಿಕ್ಕಿದ್ದು ನನ್ನ ಕೈಗೇ. ಹೊಲಿಯಲು ತಂದ ಥಾನು ಬಿಚ್ಚಿದರೆ, ಎಲೆಯೊಂದು ಅರ್ಧಕ್ಕೆ ಕತ್ತರಿಸಿಹೋಗಿತ್ತು. ಗೇಣು ಬಿಟ್ಟು ಮತ್ತೆ ಅದೇ ಕತ್ತರಿಸಿದ ಎಲೆ, ಮತ್ತೆ ಅದೇ. ಕೆಳಗೆ ಓಡಿಹೋಗಿ ತೋರಿಸಿದೆ. ಅಕ್ಕನ ಮುಖ ಬಿಳಿಚಿಕೊಂಡಿತು.

"ಸ್ಕ್ರೀನಲ್ಲಿ ಎಡಗಡೆ ಮೇಲಿನ ಮೂಲೆ ಯಾಕೋ ಮಾಸಲಾಗಿ ಕಾಣತ್ತೆ ಕಣೇ," ಎಂದಳು. "ಅದನ್ನೇ ನೆಟ್ಟಗೆ ನೋಡಿದ್ರೆ ಸರಿಯಾಗಿರತ್ತೆ. ನಡುವೆ ನೋಡ್ತಾ ಕೆಲ್ಸ ಮಾಡ್ವಾಗ ಮಾತ್ರ, ಯಾರೋ ಅಲ್ಲಿ ಒದ್ದೆ ಬಟ್ಟೆ ಆಡಿಸಿದ ಹಾಗೆ."

ನಾವಿಬ್ಬರೂ ಹೆಸರೆತ್ತದಿದ್ದರೂ ಇಬ್ಬರ ಕಣ್ಣ ಮುಂದೆ ಬಂದವನು ಅಪ್ಪ. ಕೊನೆಗಾಲದಲ್ಲಿ ಅಪ್ಪ ಗೋಡೆ ಸವರಿಕೊಂಡು ನಡೆಯುತ್ತಿದ್ದ. ವಯಸ್ಸಾಯಿತು, ಅದಕ್ಕೇ ಎಂದು ಎಲ್ಲರೂ ಸುಮ್ಮನಿದ್ದರು. ಅಕ್ಕ ಚಿಕ್ಕಂದಿನಿಂದ ಯಾವುದಕ್ಕೂ ಹೆದರಿದವಳಲ್ಲ, ಹಾವಿಗೂ ಇಲ್ಲ, ಅತ್ತೆಗೂ ಇಲ್ಲ. ಆದರೆ ಗೋಡೆ ಸವರುವ ಆ ಕೈಗೆ ಹೆದರುತ್ತಿದ್ದಳು.

ಕನ್ನಡಕದ ಅಂಗಡಿಗೆ ಹೋಗಿ ಬಂದಳು. ಅಲ್ಲಿ ಅಕ್ಷರದ ಹಲಗೆಯನ್ನು ಕಟ್ಟಕಡೆಯ ಸಾಲಿನವರೆಗೂ ಗಿಳಿಯ ಹಾಗೆ ಓದಿದಳಂತೆ. ನಂಬರು ಬದಲಾಗಿಲ್ಲ, ಕಣ್ಣು ಚೆನ್ನಾಗಿದೆ ಎಂದು ಕಳಿಸಿದರು. ಆದರೂ ಅವಳಿಗೆ ಸಮಾಧಾನವಿಲ್ಲ. ದೊಡ್ಡ ಕಣ್ಣಾಸ್ಪತ್ರೆಗೆ ಫೋನು ಮಾಡಿ, ಶನಿವಾರ ಬರುವುದಾಗಿ ಹೇಳಿ, ಹೆಸರು ಬರೆಸಿದಳು.

ಇಲ್ಲಿ ಪಂಡಿತನ ಪ್ರವೇಶ. ಪಂಡಿತ ಎಂದರೆ ನಮ್ಮ ಭಾವನ ತಮ್ಮ. ಆ ಹೆಸರು ಇಟ್ಟವಳು ನಾನೇ. ಕೆಲಸ ಟೈರಿನ ಅಂಗಡಿಯಲ್ಲಿ. ಆದರೆ ಫೋನು, ಟಿವಿ, ಲ್ಯಾಪ್‌ಟಾಪು ಎಂದರೆ ಸಾಕು, ಮೈಮೇಲೆ ಬರುತ್ತದೆ. ಊಟ ಮಾಡುವಾಗಲೂ ಯಾರೋ ಹೊಸ ಫೋನಿನ ಡಬ್ಬಿ ಬಿಚ್ಚುವ ವಿಡಿಯೋ ನೋಡುತ್ತಿರುತ್ತಾನೆ. ಅವನಿಗೆ ಬೇಕಾದದ್ದನ್ನು ಕೊಳ್ಳಲು ಅವನ ಸಂಬಳ ಸಾಲದು. ಅದಕ್ಕೇ ಬೇರೆಯವರ ಕೈಯಲ್ಲಿ ಕೊಳ್ಳಿಸುತ್ತಾನೆ.

"ಅತ್ತಿಗೆ, ಇದು ಕಣ್ಣಿನ ಪ್ರಾಬ್ಲಂ ಅಲ್ವೇ ಅಲ್ಲ," ಎಂದು ಅಕ್ಕನ ಹಳೆಯ ಲ್ಯಾಪ್‌ಟಾಪನ್ನು ಓರೆ ಮಾಡಿ ಹಿಡಿದ. "ನೋಡಿ, ಈ ಕಡೆಯಿಂದ ನೋಡಿದ್ರೆ ಬಣ್ಣ ಹೋಯ್ತಾ? ಮೂಲೆ ಕಪ್ಪಾಯ್ತಾ? ಇದಕ್ಕೆ ವ್ಯೂಯಿಂಗ್ ಆ್ಯಂಗಲ್ ಅಂತಾರೆ. ನೀವು ನಡುವೆ ನೋಡಿದ್ರೆ ಮೂಲೆ ಮಾಸತ್ತೆ, ಮೂಲೆ ಕಡೆ ತಲೆ ತಿರುಗಿಸಿದ್ರೆ ಸರಿಹೋಗತ್ತೆ. ನೀವು ಹೇಳ್ತಿರೋದು ಅದೇ ತಾನೆ?"

ಹೌದು, ಅವಳು ಹೇಳಿದ್ದು ಅದೇ. ನಿಜಕ್ಕೂ ಆ ಹಳೆಯ ಸ್ಕ್ರೀನು ಓರೆಯಿಂದ ನೋಡಿದರೆ ಮಂಕಾಗುತ್ತಿತ್ತು. ಅರ್ಧ ಸತ್ಯ ಹೇಳುವವನ ಬಾಯಿ ಮುಚ್ಚಿಸುವುದು ಕಷ್ಟ. ನಮ್ಮ ಭಾವನ ವಿಷಯ ಕೇಳಲೇಬೇಡಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. ತಮ್ಮ ಹೇಳಿದ್ದಕ್ಕೆ ಹೂಂಗುಟ್ಟುತ್ತಾ ನಿಂತರು.

ಅಕ್ಕನಾದರೂ ಬೈಯಬೇಕಿತ್ತಲ್ಲ? ಇಲ್ಲ. ಅವಳ ಮುಖ ಅರಳಿತು. "ಸ್ಕ್ರೀನಿಂದೇ ತಪ್ಪು ಇರ್ಬಹುದಾ?" ಎಂದು ಮತ್ತೆ ಮತ್ತೆ ಕೇಳಿದಳು. ತಪ್ಪು ಸ್ಕ್ರೀನಿನದೇ ಆಗಿರಲಿ ದೇವರೇ ಎಂದು ಆ ಕಣ್ಣು ಬೇಡುತ್ತಿತ್ತು. ಹೆದರಿದವರಿಗೆ ಯಾವ ಮಾರಾಟಗಾರನೂ ಬೇಕಾಗಿಲ್ಲ, ಅವರೇ ಕೈಚೀಲ ಹಿಡಿದು ಹೊರಡುತ್ತಾರೆ.

ಪಂಡಿತ ಕೊಳ್ಳಿಸಹೊರಟ ಹೊಸ ಲ್ಯಾಪ್‌ಟಾಪಿನ ರಿಯಾಯಿತಿ ಮಾರಾಟದ ಕೊನೆಯ ದಿನವೂ ಶನಿವಾರವೇ.

"ಆಸ್ಪತ್ರೆ?" ಎಂದೆ.

"ಮುಂದಿನ ತಿಂಗಳು ಹೋದ್ರಾಯ್ತು," ಎಂದರು ಭಾವ. "ಮೊದ್ಲು ಇದನ್ನ ಬದಲಾಯಿಸಿ ನೋಡೋಣ. ಸರಿಹೋದ್ರೆ ಆಸ್ಪತ್ರೆ ಖರ್ಚೂ ಉಳೀತು."

ನಾನೂ ಜೊತೆಗೆ ಹೋದೆ. ಷೋರೂಮಿನಲ್ಲಿ ಗೋಡೆ ತುಂಬಾ ಸ್ಕ್ರೀನುಗಳು, ಎಲ್ಲದರಲ್ಲೂ ಒಂದೇ ಚಿತ್ರ. ಎಲೆಯ ಮೇಲೆ ಕೂತ ನೊಣ. ಹಂಡೆಯಷ್ಟು ದೊಡ್ಡ ನೊಣ. ಅದರ ಕಾಲಿನ ಮೇಲಿನ ಒಂದೊಂದು ಕೂದಲೂ ಎಣಿಸುವ ಹಾಗೆ ಕಾಣುತ್ತಿತ್ತು. "ಎಷ್ಟು ಕ್ಲಿಯರ್ ಆಗಿದೆ ನೋಡಿ ಮೇಡಂ!" ಎಂದ ಅಂಗಡಿಯವನು. ಥೂ! ಅಡುಗೆಮನೆಯಲ್ಲಿ ಕಂಡರೆ ಬಡಿದು ಸಾಯಿಸುವ ಹುಳವನ್ನು ದುಡ್ಡು ಕೊಟ್ಟು ಹಿಗ್ಗಿಸಿ ನೋಡುವ ಖಯಾಲಿ ಯಾವ ಸೀಮೆಯದು? ಪಂಡಿತ ಮಾತ್ರ ಆ ನೊಣದ ಮುಂದೆ ಕೈಕಟ್ಟಿ ನಿಂತು, "ಫೋರ್ ಕೆ ಅಂದ್ರೆ ಇದು," ಎಂದು ಉಸಿರುಬಿಟ್ಟ.

ಅಕ್ಕ ತನ್ನದೊಂದು ಡಿಸೈನನ್ನು ಅದರಲ್ಲಿ ತೆರೆಸಿ ನೋಡಿದಳು. "ಚೆನ್ನಾಗೇನೋ ಇದೆ," ಎಂದಳು. "ಆದ್ರೆ ಇಷ್ಟು ಸಣ್ಣ ಗೆರೆ ನಮ್ಮ ಬಟ್ಟೆ ಮೇಲೆ ನಿಲ್ಲಲ್ಲಪ್ಪ. ಹತ್ತಿ ಬಟ್ಟೆ, ಬಣ್ಣ ಹರಡ್ಕೊಂಡ್ಬಿಡತ್ತೆ. ಇಲ್ಲಿ ಕಂಡು ಏನುಪಯೋಗ?"

"ಅದಿರ್ಲಿ ಮೇಡಂ, ಕಣ್ಣಿಗೆ ತುಂಬಾ ಒಳ್ಳೇದು," ಎಂದ ಅಂಗಡಿಯವನು.

ಅಲ್ಲಿಗೆ ಮುಗಿಯಿತು. ಕಣ್ಣಿಗೆ ಒಳ್ಳೆಯದು ಎಂಬ ಆ ಒಂದು ಮಾತಿಗೆ ಭಾವ ಕಾರ್ಡು ತೆಗೆದು ಕೊಟ್ಟರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಾನು ಗೊಣಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಕಣ್ಣಾಸ್ಪತ್ರೆಯವರು ಮಾರನೆಯ ವಾರ ಫೋನು ಮಾಡಿ ಯಾಕೆ ಬರಲಿಲ್ಲ ಎಂದು ಕೇಳಿದರಂತೆ. ಈಗ ಬೇಕಾಗಿಲ್ಲ ಎಂದು ಭಾವನೇ ಹೇಳಿದರಂತೆ.

ಮನೆಗೆ ಬಂದ ಮೇಲೆ ಮೊದಲ ಕೌತುಕ. ಅಕ್ಕನ ಡಿಸೈನ್ ಸಾಫ್ಟ್‌ವೇರ್ ಹಳೆಯದು. ಹೊಸ ಸ್ಕ್ರೀನಿನಲ್ಲಿ ಅದರ ಅಕ್ಷರ, ಗುಂಡಿಗಳೆಲ್ಲ ಸಾಸಿವೆ ಕಾಳಿನಷ್ಟಾದವು. ಪಂಡಿತ ಒಂದು ಭಾನುವಾರವೆಲ್ಲ ಕೂತು ಏನೇನೋ ಒತ್ತಿ, ಕೊನೆಗೆ ಎಲ್ಲವನ್ನೂ ಹಿಗ್ಗಿಸಿ, ಹಳೆಯ ಲ್ಯಾಪ್‌ಟಾಪಿನಲ್ಲಿ ಎಷ್ಟು ಕಾಣುತ್ತಿತ್ತೋ ಅಷ್ಟೇ ಕಾಣುವ ಹಾಗೆ ಮಾಡಿಟ್ಟ.

"ಅಂದ್ರೆ ಅಷ್ಟೊಂದು ದುಡ್ಡು ಕೊಟ್ಟು ಕೊಂಡಿದ್ದನ್ನ ಮೊದಲಿದ್ದ ಹಾಗೇ ಮಾಡಿದ್ರಿ. ಅಲ್ವಾ ಪಂಡಿತ್ರೇ?" ಎಂದೆ.

"ನಿಮಗೆ ಅರ್ಥ ಆಗಲ್ಲ, ಬಿಡಿ," ಎಂದ.

ನೋಡಲು ಜನ ಬಂದರು. ಭಾವ ಎಲ್ಲರಿಗೂ ನೊಣ ತೋರಿಸಿದರು. ಹೌದು, ಆ ನೊಣದ ಚಿತ್ರವನ್ನೂ ಅಂಗಡಿಯಿಂದ ಹಾಕಿಸಿಕೊಂಡು ಬಂದಿದ್ದರು. "ಬೆರಳು ಮಾತ್ರ ಮುಟ್ಟಿಸ್ಬೇಡಿ," ಎಂದು ಪಕ್ಕದಲ್ಲೇ ಕಾವಲು ನಿಲ್ಲುತ್ತಿದ್ದರು. ಇತ್ತ ಅಕ್ಕ ಬಾಗಿಲ ಚೌಕಟ್ಟಿಗೆ ಎಡಭುಜ ಬಡಿಸಿಕೊಂಡಳು. ಎಡಗಡೆ ಇಟ್ಟ ನೀರಿನ ಲೋಟ ಮೊಣಕೈ ತಾಗಿ ಉರುಳಿತು. ಅಟ್ಟದ ಬಾಗಿಲು ತೆರೆದದ್ದು ಕಾಣದೆ ಹಣೆ ತಾಗಿ ಬುಗುಟೆ ಎದ್ದಿತು. ಪ್ರತಿಯೊಂದಕ್ಕೂ ಆ ಮನೆಯಲ್ಲಿ ಒಂದು ಕಾರಣ ತಯಾರಿರುತ್ತಿತ್ತು. ಲೋಟ ಇಟ್ಟವರ ತಪ್ಪು, ಬಾಗಿಲು ಮುಚ್ಚದವರ ತಪ್ಪು, ಅವಸರದ ತಪ್ಪು.

ಕೆಳಮನೆಯ ಅಜ್ಜಿ ಒಂದು ದಿನ ಮೆಟ್ಟಿಲ ಬಳಿ ನನ್ನ ಕೈ ಹಿಡಿದು ನಿಲ್ಲಿಸಿದರು. "ನಿಮ್ಮಕ್ಕಂಗೆ ಲ್ಯಾಪ್‌ಟಾಪ್ ಬಂದಿದ್ದೇ ಬಂದಿದ್ದು, ಭೂಮಿ ಮೇಲೆ ಕಾಲೇ ನಿಲ್ತಿಲ್ಲ ನೋಡು," ಎಂದರು. "ಪಕ್ಕದಲ್ಲೇ ಕೂತು ಕೈ ಬೀಸಿದ್ರೂ ತಿರುಗಿ ನೋಡ್ದೆ ಹೋಗ್ತಾಳೆ. ಅಷ್ಟು ಜಂಭ ಒಳ್ಳೇದಲ್ಲಮ್ಮ." ನಾನು ಜಗಳಕ್ಕೆ ನಿಂತೆ. ನಮ್ಮಕ್ಕನಿಗೆ ಜಂಭವೇ? ಅಜ್ಜಿಯ ಜೊತೆ ಆಮೇಲೆ ಎಷ್ಟೋ ದಿನ ಮಾತು ಬಿಟ್ಟಿದ್ದೆ.

ಎರಡನೆಯ ತಪ್ಪು ಬಂತು. ಈ ಸಲ ಬಳ್ಳಿ. ಕಾರ್ಖಾನೆಯ ಸೂಪರ್‌ವೈಸರ್ ಬಟ್ಟೆ ಹಿಡಿದುಕೊಂಡು ಮನೆಗೇ ಬಂದ. ಅಕ್ಕ ಬಾಯಿ ತಪ್ಪಿ, "ಈ ಸ್ಕ್ರೀನಲ್ಲೂ ಮೂಲೆ ಮಾಸಲು," ಎಂದುಬಿಟ್ಟಳು.

"ಕುಣಿಯೋಕ್ ಬರ್ದೇ ಇದ್ದವಳು ನೆಲ ಡೊಂಕು ಅಂದ್ಳಂತೆ," ಎಂದ ಅವನು. "ಮೊದ್ಲು ಹಳೇ ಮೆಷಿನ್ ಸರಿಯಿಲ್ಲ ಅಂದ್ರಿ, ಈಗ ಹೊಸದೂ ಸರಿಯಿಲ್ವಾ? ಇನ್ನೊಂದ್ಸಲ ಹಿಂಗಾದ್ರೆ ಬೇರೆಯವ್ರನ್ನ ನೋಡ್ಕೋತೀವಿ."

ಅವನು ಹೋದ ಮೇಲೆ ಅಕ್ಕ ಆ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಮುರಿದ ಬಳ್ಳಿಯ ಮೇಲೆ ಬೆರಳಾಡಿಸುತ್ತಾ ಕೂತಳು. ಆಗ ಪಂಡಿತ ಹೇಳಿದ್ದೇನು ಗೊತ್ತೇ? "ಅತ್ತಿಗೆ, ಪೀಸೇ ಡಿಫೆಕ್ಟು! ನಂಗೆ ಮೊದ್ಲೇ ಡೌಟಿತ್ತು. ವಾರಂಟಿ ಇದೆ, ಬಿಡ್ಬಾರ್ದು."

ಸರ್ವಿಸ್ ಸೆಂಟರಿನ ಹುಡುಗಿ ಎಲ್ಲ ಬಣ್ಣ ಹಾಕಿ ತೋರಿಸಿ, ಸ್ಕ್ರೀನಿನಲ್ಲಿ ಏನೂ ದೋಷವಿಲ್ಲ ಎಂದಳು. ಪಂಡಿತ ಕೋರ್ಟು, ಕಚೇರಿ ಎಂದು ಕೂಗಾಡಿದ. ಕಾಟ ತಾಳಲಾರದೆ ಅವರು ಸ್ಕ್ರೀನನ್ನೇ ಬದಲಾಯಿಸಲು ಒಪ್ಪಿದರು. ಕೆಲವು ದಿನ ಬಿಟ್ಟು ಕರೆದರು. ನಾನೂ ಹೋದೆ. ಹುಡುಗಿ ಹೊಸ ಸ್ಕ್ರೀನಿನಲ್ಲಿ ಒಂದು ಬಿಳೀ ಹಾಳೆ ತೆರೆದು, "ನೋಡಿ ಮೇಡಂ," ಎಂದು ಅಕ್ಕನ ಮುಂದಿಟ್ಟಳು.

ಅಕ್ಕ ನಡುವೆ ದಿಟ್ಟಿಸಿದಳು. "ಇದ್ರಲ್ಲೂ ಇದೆ," ಎಂದಳು, ಮೆಲ್ಲಗೆ.

"ನೋಡಿದ್ರಾ! ಈ ಕಂಪನೀನೇ ಕಳ್ಳ ಕಂಪನಿ!" ಎಂದು ಪಂಡಿತ ಮೇಜು ಗುದ್ದಿದ. ಭಾವ ಅವನ ಹಿಂದೆ ನಿಂತು ತಲೆಯಾಡಿಸಿದರು.

ಅಕ್ಕ ಆ ಗಲಾಟೆಯನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಮೇಜಿನ ಮೇಲಿದ್ದ ಅಂಟುಪಟ್ಟಿಯ ಸುರುಳಿಯಿಂದ ಒಂದು ಚೂರು ಹರಿದು, ಮಾಸಲು ಕಾಣುತ್ತಿದ್ದ ಮೇಲಿನ ಎಡಮೂಲೆಗೆ ಅಂಟಿಸಿದಳು.

"ಅಯ್ಯೋ ಅತ್ತಿಗೆ, ಸ್ಕ್ರೀನಿಗೆ ಗಮ್ ಆಗತ್ತೆ!" ಎಂದು ಪಂಡಿತ ಕಿರುಚಿದ.

ಅವಳು ಲ್ಯಾಪ್‌ಟಾಪನ್ನು ಎತ್ತಿ, ಕಾಗದವನ್ನು ತಿರುಗಿಸುತ್ತಿದ್ದ ಹಾಗೆಯೇ, ಇಡೀ ಯಂತ್ರವನ್ನು ತಲೆಕೆಳಗು ಮಾಡಿ ಮೇಜಿನ ಮೇಲೆ ನಿಲ್ಲಿಸಿದಳು. ಮನೆಯಲ್ಲಿ ಅವಳು ಯಾವಾಗಲೂ ಚಿತ್ರವನ್ನು ತಿರುಗಿಸುತ್ತಿದ್ದಳೇ ಹೊರತು ಯಂತ್ರವನ್ನಲ್ಲ. ಅಂಟುಪಟ್ಟಿಯ ಚೂರು ಕೆಳಗಿನ ಬಲಮೂಲೆಗೆ ಹೋಯಿತು. ಅಕ್ಕ ಮತ್ತೆ ನಡುವೆ ದಿಟ್ಟಿಸಿದಳು. ಬಹಳ ಹೊತ್ತು ನೋಡಿದಳು.

"ಪಟ್ಟಿ ಹಚ್ಚಿದ ಜಾಗ ಈಗ ಸರಿಯಾಗಿದೆ," ಎಂದಳು. ಆಮೇಲೆ ಬೆರಳೆತ್ತಿ ಮೇಲಿನ ಎಡಮೂಲೆ ತೋರಿಸಿದಳು. "ಮಾಸಲು ಇಲ್ಲೇ ಇದೆ. ಅದು ತಿರುಗ್ಲಿಲ್ಲ."

ಆ ಹುಡುಗಿಗೆ ಅರ್ಥವಾಯಿತು, ನನಗೂ ಅರ್ಥವಾಯಿತು. ಭಾವನಿಗೂ ಆಗಿರಬೇಕು, ಏಕೆಂದರೆ ಅವರು ತಮ್ಮ ಚಪ್ಪಲಿ ನೋಡಿಕೊಳ್ಳತೊಡಗಿದರು. ಪಂಡಿತ ಉಗುರಿನಿಂದ ಆ ಅಂಟುಪಟ್ಟಿ ಕೆರೆದು ತೆಗೆಯುತ್ತಿದ್ದ.

"ನಮ್ಮಪ್ಪಂಗೂ ಹಿಂಗೇ ಕಾಣ್ತಿತ್ತೇನೋ ಕಣೇ," ಎಂದಳು ಅಕ್ಕ ನನಗೆ. "ಪಾಪ, ಅವ್ನಿಗೆ ತಿರುಗಿಸಿ ನೋಡೋಕೆ ಏನೂ ಇರ್ಲಿಲ್ಲ."

ನಾನು ಅವಳ ಕೈ ಹಿಡಿದು, ಅಲ್ಲಿಂದ ಸೀದಾ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದೆ. ಬೇಡವೆಂದರೂ ಅಣ್ಣತಮ್ಮ ಇಬ್ಬರೂ ಹಿಂದೆ ಬಂದರು. ಅಲ್ಲಿ ಅವಳನ್ನು ಒಂದು ಬೋಗುಣಿಯಂಥ ಯಂತ್ರದ ಮುಂದೆ ಕೂರಿಸಿ, ನಡುವಿನ ಚುಕ್ಕೆ ನೋಡಿಕೊಂಡೇ, ಸುತ್ತ ಎಲ್ಲಿ ಬೆಳಕು ಮಿಣುಕಿದರೂ ಗುಂಡಿ ಒತ್ತಿ ಎಂದರು. ಮೇಲುಗಡೆ ಮಿಣುಕಿದ ಎಷ್ಟೋ ಬೆಳಕಿಗೆ ಅವಳು ಒತ್ತಲೇ ಇಲ್ಲ. ಎಡಗಡೆ ಒತ್ತಿದ್ದು ಇನ್ನೂ ಕಡಿಮೆ.

ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸಾಯುತ್ತಿದೆ, ಗ್ಲಾಕೋಮಾ ಎನ್ನುತ್ತಾರೆ. ನಡುವಿನ ನೋಟ ಕೊನೆಯವರೆಗೂ ಚೆನ್ನಾಗಿರುತ್ತದೆ, ಅದಕ್ಕೇ ಅಕ್ಷರದ ಹಲಗೆಯಲ್ಲಿ ಗೊತ್ತಾಗುವುದಿಲ್ಲ. ಅಪ್ಪ ಅಮ್ಮನಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳಿದರು. ಒಡಹುಟ್ಟಿದವರು ನೀವೂ ತೋರಿಸಿಕೊಳ್ಳಿ ಎಂದು ನನಗೆ ಹೇಳಿದರು. ತೋರಿಸಿಕೊಂಡೆ, ಸದ್ಯಕ್ಕೆ ನನಗೇನೂ ಇಲ್ಲ.

"ಹೋಗಿದ್ದು ವಾಪಸ್ ಬರತ್ತಾ?" ಎಂದಳು ಅಕ್ಕ.

"ಇಲ್ಲಮ್ಮ. ಉಳಿದಿರೋದನ್ನ ಕಾಪಾಡ್ಕೋಬೇಕು. ದಿನಾ ಡ್ರಾಪ್ಸ್ ಹಾಕ್ಕೊಳ್ಳಿ, ಒಂದು ದಿನಾನೂ ಬಿಡ್ಬೇಡಿ."

"ನಾನು ಮೊದ್ಲೇ ಹೆಸ್ರು ಬರ್ಸಿದ್ದೆ. ಆಗ್ಲೇ ಬಂದಿದ್ರೆ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಇನ್ನೂ ಸ್ವಲ್ಪ ಉಳೀತಿತ್ತು," ಎಂದರು.

ಭಾವ ಗೋಡೆಯ ಮೇಲಿದ್ದ ಕಣ್ಣಿನ ಚಿತ್ರವನ್ನು ಪರೀಕ್ಷೆಗೆ ಓದುವವರ ಹಾಗೆ ಓದುತ್ತಿದ್ದರು. ಪಂಡಿತ ಮಾತ್ರ ಮುಂದೆ ಬಾಗಿ, "ಡಾಕ್ಟ್ರೇ, ಇದು ಹಳೇ ಲ್ಯಾಪ್‌ಟಾಪಿನ ನೀಲಿ ಬೆಳಕಿಂದ ಆಗಿದ್ದಾ? ಹೊಸದ್ರಲ್ಲಿ ಅದಕ್ಕೆ ಫಿಲ್ಟರ್ ಇದೆ," ಎಂದ. ಒಬ್ಬ ಹೆಂಗಸಿನ ಕಣ್ಣು ಹೋಗುತ್ತಿದೆ, ಇವನು ಇನ್ನೂ ಅಂಗಡಿಯೊಳಗೇ ನಿಂತಿದ್ದಾನೆ!

"ಯಾವ ಲ್ಯಾಪ್‌ಟಾಪಿಗೂ ಇದಕ್ಕೂ ಸಂಬಂಧ ಇಲ್ಲ," ಎಂದರು ಡಾಕ್ಟರಮ್ಮ.

ಅಕ್ಕ ಕೆಲಸ ಬಿಟ್ಟಿಲ್ಲ. ಈಗ ಚೌಕದ ಅಂಚುಗಳನ್ನೇ ಸರಿಸಿ ನಡುವಿಗೆ ತಂದುಕೊಳ್ಳುತ್ತಾಳೆ. ಎಡಗಡೆಯ ಅರ್ಧ ಎಲೆ, ಬಲಗಡೆಯ ಅರ್ಧ ಎಲೆ ಎರಡೂ ಸ್ಕ್ರೀನಿನ ಮಧ್ಯಕ್ಕೆ ಬಂದು ಕೂಡುತ್ತವೆ. ಅಲ್ಲಿ ಅವಳ ನೋಟ ಇನ್ನೂ ಸೂಜಿಯ ಹಾಗಿದೆ. ಆಮೇಲೆ ಒಂದು ತಪ್ಪೂ ಬಂದಿಲ್ಲ. ಆ ಹೊಸ ಲ್ಯಾಪ್‌ಟಾಪಿನಲ್ಲೇ ಮಾಡುತ್ತಾಳೆ. ನಾನು ಅದನ್ನು ಬೈದರೆ, "ಅದೇನ್ ಮಾಡ್ತು ಪಾಪ, ಚೆನ್ನಾಗೇ ಇದೆಯಲ್ಲ," ಎನ್ನುತ್ತಾಳೆ. ಅವಳಿಗೆ ಯಾರ ಮೇಲೂ ಸಿಟ್ಟು ಬರುವುದಿಲ್ಲ. ಅವಳ ಪಾಲಿನದ್ದೂ ನನಗೇ ಬರುತ್ತದೆ. ಅಜ್ಜಿಯ ಹತ್ತಿರ ಹೋಗಿ ವಿಷಯ ಹೇಳಿದಾಗ ಅವರು ಬಾಯಿಗೆ ಸೆರಗು ಹಚ್ಚಿಕೊಂಡು ಅತ್ತರು. ಈಗ ಎದುರಿಗೆ ಬಂದು ನಿಂತು ಮಾತಾಡಿಸುತ್ತಾರೆ.

ಮೊನ್ನೆ ಭಾವನ ಆಫೀಸಿನವರೊಬ್ಬರು ಬಂದಿದ್ದರು. ಮಗಳಿಗೆ ಅಂಥದ್ದೇ ಲ್ಯಾಪ್‌ಟಾಪ್ ಕೊಡಿಸಬೇಕು, ಅಷ್ಟು ಬೆಲೆಗೆ ತಕ್ಕುದೇ ಎಂದು ಕೇಳಲು. ಅವರಿಗಾಗಿ ಭಾವ ಪಂಡಿತನನ್ನು ಕರೆಸಿದ್ದರು. ಮತ್ತೆ ಆ ನೊಣ, ಮತ್ತೆ ಆ ಕಾಲಿನ ಕೂದಲು. ಬೇಕಾದರೆ ಅತ್ತಿಗೆಯನ್ನೇ ಕೇಳಿ, ದಿನಾ ಅದರಲ್ಲೇ ಕೆಲಸ ಮಾಡುತ್ತಾರೆ ಎಂದ, ನಾಚಿಕೆಯಿಲ್ಲದೆ.

"ಒಳ್ಳೇ ಸಾಮಾನು, ತಗೊಳ್ಳಿ," ಎಂದಳು ಅಕ್ಕ. "ಮೊದ್ಲು ಮಗಳ ಕಣ್ಣು ತೋರ್ಸಿ, ಆಮೇಲೆ ತಗೊಳ್ಳಿ." ಹೇಳಿ ತನ್ನ ಬಳ್ಳಿಯ ಕಡೆಗೆ ತಿರುಗಿದಳು. ಅವರು ತಮಾಷೆ ಎಂದುಕೊಂಡು ನಕ್ಕರು.

ನಾನು ಬಟ್ಟೆಯ ಗಂಟು ಹೊತ್ತು ಮೆಟ್ಟಿಲು ಹತ್ತುತ್ತಿದ್ದೆ. ಅವರು ಹೊರಡುವುದು ತೆರೆದ ಬಾಗಿಲಿನಿಂದ ಕಾಣಿಸಿತು. ಬಾಗಿಲಿರುವುದು ಅಕ್ಕನ ಎಡಕ್ಕೆ. ಅವರು ಅಲ್ಲಿ ನಿಂತು ಕೈ ಎತ್ತಿ, ನಗುತ್ತಾ ಒಂದು ಕ್ಷಣ ಕಾದರು. ಅಕ್ಕ ತಿರುಗಲಿಲ್ಲ. ಎತ್ತಿದ ಕೈ ಇಳಿಸಿ ಹೊರಗೆ ಬಂದರು.

"ಲ್ಯಾಪ್‌ಟಾಪ್ ಏನೋ ಸೂಪರ್," ಎಂದರು ಪಂಡಿತನಿಗೆ, ಚಪ್ಪಲಿ ಮೆಟ್ಟುತ್ತಾ. "ಆದ್ರೆ ನಿಮ್ಮತ್ತಿಗೇಗೆ ಸ್ವಲ್ಪ ಜಂಭ, ಅಲ್ವಾ?"

ಲೋಕದ ಸಕಲ ವಿಷಯವನ್ನೂ ಬಿಡಿಸಿ ಹೇಳುವ ಬಾಯಿ ಅದು. ನಾನು ಗಂಟು ಹೊತ್ತುಕೊಂಡೇ ಕಾದೆ. ಪಂಡಿತ ಹಲ್ಲು ಬಿಟ್ಟ. "ಹೆಹ್ಹೆ, ಅದೆಲ್ಲ ಇರ್ಲಿ ಬಿಡಿ ಸಾರ್. ವಾರಂಟಿ ಮಾತ್ರ ಎಕ್ಸ್‌ಟ್ರಾ ಹಾಕಿಸ್ಕೊಳ್ಳಿ," ಎಂದ. ಅವರ ಹಿಂದೆ ನಿಂತಿದ್ದ ಭಾವನೂ ಬಾಯಿ ಬಿಡಲಿಲ್ಲ. ಮೂವರೂ ಇಳಿದು ಹೋದರು.

ಒಳಗಿನಿಂದ ಅಕ್ಕನ ದನಿ ಬಂತು. "ಯಾರೇ ಅದು, ನೀನಾ? ಅವ್ರು ಹೋದ್ರಾ? ಹೋಗ್ಬರ್ತೀನಿ ಅಂತ ಒಂದ್ ಮಾತೂ ಹೇಳ್ದೆ ಹೋಗ್ಬಿಟ್ರಲ್ಲೇ. ಎಂಥ ಜನಾನೋ."

ನಾನು ಗಂಟನ್ನು ಬಾಗಿಲಲ್ಲೇ ಇಳಿಸಿ, ಸುತ್ತಿಕೊಂಡು ಹೋಗಿ, ಅವಳ ಎದುರಿಗೆ ನಿಂತೆ.